ದೋಣಿಯ ಕಾಗದ ಕೊಳ್ಳುವವನಿಗೂ ಕಾಣಲಿ: ಗೋವಾದ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೋವಾದ ಕ್ಯಾಪ್ಟನ್ ಆಫ್ ಪೋರ್ಟ್ಸ್ (ಬಂದರು) ಇಲಾಖೆ ಮತ್ತು ಮೀನುಗಾರಿಕೆ ಇಲಾಖೆಯ ಅಧಿಕಾರಿಗಳಿಗೆ,
ಜೊತೆಗೆ ಈ ವರ್ಷ ಸೆಕೆಂಡ್ ಹ್ಯಾಂಡ್ ದೋಣಿ ಕೊಳ್ಳಬೇಕು ಅಂದುಕೊಂಡಿರುವ ನನ್ನ ಕನ್ನಡದ ಜನಕ್ಕೆ,

ನಮಸ್ಕಾರ.

ನಾನು ಅಂಕೋಲಾ ಕಡೆಯವನು. ವಾಸ್ಕೋದಲ್ಲಿ 19 ವರ್ಷದಿಂದ ಬಣ್ಣ, ಮೊಳೆ, ಹಗ್ಗ ಮಾರುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ಅಂಗಡಿಗೆ ಬರುವವರಲ್ಲಿ ಅರ್ಧ ಜನ ದೋಣಿಯವರು, ಇನ್ನರ್ಧ ಕಟ್ಟಡ ಕೆಲಸದವರು. ಎರಡೂ ಕಡೆ ಕನ್ನಡ ಮಾತಾಡುವವರಿದ್ದಾರೆ. ಕಾರವಾರ, ಅಂಕೋಲಾ, ಹೊನ್ನಾವರದವರು ಟ್ರಾಲರ್ ಹತ್ತುತ್ತಾರೆ. ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರದವರು ಸೆಂಟ್ರಿಂಗ್, ಗಾರೆ ಕೆಲಸಕ್ಕೆ ಹೋಗುತ್ತಾರೆ. ಹತ್ತು ಹದಿನೈದು ವರ್ಷ ಬೇರೆಯವರ ಕೈಕೆಳಗೆ ದುಡಿದ ಮೇಲೆ ಕೆಲವರಿಗೆ ಸ್ವಂತದ್ದೊಂದು ದೋಣಿ ಬೇಕು ಅನಿಸುತ್ತದೆ. ಹೊಸದಕ್ಕೆ ದುಡ್ಡು ಸಾಲುವುದಿಲ್ಲ. ಯಾರೋ ಹೇಳಿದರು ಅಂತ ಹಳೆಯದೊಂದನ್ನು ನೋಡಲು ಹೋಗುತ್ತಾರೆ. ನಾವೂ ಹಾಗೇ ಹೋದೆವು.

ನಾವು ಅಂದರೆ ಮೂರು ಜನ. ಒಬ್ಬರು ನನ್ನ ಭಾವ, ಅಕ್ಕನ ಗಂಡ. 14 ವರ್ಷ ಟ್ರಾಲರ್‌ನಲ್ಲಿ ಖಲಾಸಿಯಾಗಿ ದುಡಿದವರು. ಇನ್ನೊಬ್ಬ ಗದಗ ಕಡೆಯ ಗೆಳೆಯ. ಸೆಂಟ್ರಿಂಗ್ ಕೆಲಸದಲ್ಲಿ ಮೊಣಕಾಲು ಹಾಳಾಗಿ, ಕೂತು ಮಾಡುವ ಕೆಲಸ ಹುಡುಕುತ್ತಿದ್ದ. ಮೂರನೆಯವನು ನಾನು. 2023ರ ಸೆಪ್ಟೆಂಬರ್ ಕೊನೆಯಲ್ಲಿ 26 ಅಡಿಯ ಒಂದು ಫೈಬರ್ ದೋಣಿಯನ್ನು, ಹಿಂಬದಿಗೆ ಹೊರಗಿನಿಂದ ಬಿಗಿಯುವ 40 ಹೆಚ್‌ಪಿಯ ಔಟ್‌ಬೋರ್ಡ್ ಎಂಜಿನ್ ಸಮೇತ, 3 ಲಕ್ಷ 40 ಸಾವಿರಕ್ಕೆ ಕೊಂಡೆವು. ಅದರಲ್ಲಿ ಒಂದೂವರೆ ಲಕ್ಷ ಅಕ್ಕನ ಬಳೆ ಅಡವಿಟ್ಟು ತಂದದ್ದು. ಬೆಳಗಿನ ಜಾವ ಬಲೆ ಹಾಕುವುದು, ಸೀಸನ್‌ನಲ್ಲಿ ಪ್ರವಾಸಿಗರನ್ನು ಡಾಲ್ಫಿನ್ ನೋಡಲು ಕರೆದುಕೊಂಡು ಹೋಗುವುದು, ಇದು ನಮ್ಮ ಲೆಕ್ಕ.

ಮಾರಿದವನ ಹೆಸರು ಬರೆಯುವುದಿಲ್ಲ. ಈ ಪತ್ರ ಬರೆದದ್ದು ಅವನೊಬ್ಬನಿಗಾಗಿ ಅಲ್ಲ. ಅವನ ಮಾತು ತುಂಬಾ ಒಳ್ಳೆಯದಿತ್ತು. ನಮ್ಮನ್ನು ಮನೆಗೆ ಕರೆದು ಸೋಲ್‌ಕಡಿ ಕೊಟ್ಟ. ಗಲ್ಫ್‌ನಲ್ಲಿ ಕೆಲಸ ಸಿಕ್ಕಿದೆ, ಅದಕ್ಕೇ ಮಾರುತ್ತಿದ್ದೇನೆ ಅಂದ. ನಾಳೆ ಇನ್ನಿಬ್ಬರು ನೋಡಲು ಬರುತ್ತಾರೆ ಅಂತಲೂ ಅಂದ. ದೋಣಿ ಮನೆಯ ಹಿಂದಿನ ಹೊಳೆಯಲ್ಲಿ, ತೆಂಗಿನ ಮರಕ್ಕೆ ಕಟ್ಟಿ, ನೀರಿನಲ್ಲೇ ನಿಂತಿತ್ತು. ಹೊಸದಾಗಿ ನೀಲಿ ಬಿಳಿ ಬಣ್ಣ ಹೊಡೆದಿದ್ದರು. ಬಣ್ಣ ಮಾರುವ ಅಂಗಡಿಯವನು ನಾನು. ಒಣಗಿ ಹತ್ತು ದಿನವೂ ಆಗಿಲ್ಲ ಅಂತ ವಾಸನೆಯಲ್ಲೇ ಗೊತ್ತಾಯಿತು. ಆದರೂ ಈ ಬಣ್ಣದ ಕೆಳಗೆ ಏನಿದೆ ಅಂತ ಕೇಳಬೇಕು ಅನಿಸಲಿಲ್ಲ.

ಎಂಜಿನ್ ಮುಚ್ಚಳ ತೆಗೆದಾಗ ಒಳಗಿನ ಬಿಸಿ ಮುಖಕ್ಕೆ ಬಡಿಯಿತು. "ಬೆಳಿಗ್ಗೆ ಒಂದು ರೌಂಡ್ ಹೋಗಿ ಬಂದೆ" ಅಂದ. ಒಂದೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಭಾವ ಖುಷಿಯಿಂದ ನನ್ನ ಕಡೆ ನೋಡಿದರು. ತಣ್ಣಗಿರುವ ಎಂಜಿನ್ ಬೆಳಿಗ್ಗೆ ಮೊದಲ ಸಲ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನುವುದರಲ್ಲೇ ಅದರ ಅರ್ಧ ಆರೋಗ್ಯ ತಿಳಿಯುತ್ತದೆ. ಬಿಸಿ ಮಾಡಿಟ್ಟ ಎಂಜಿನ್ ಆ ಅರ್ಧವನ್ನು ಮುಚ್ಚಿಡುತ್ತದೆ. ಇದನ್ನು ನಮಗೆ ಒಬ್ಬ ಮೆಕ್ಯಾನಿಕ್ ಹೇಳಿದ. ಆದರೆ ದುಡ್ಡು ಕೊಟ್ಟು ನಾಲ್ಕು ವಾರ ಆಗಿತ್ತು.

ಮೂರನೇ ವಾರದಲ್ಲೇ ಮೊದಲ ಪೆಟ್ಟು ಬಿತ್ತು. ಅಳಿವೆ ದಾಟಿ ಸ್ವಲ್ಪ ಹೊರಗೆ ಹೋಗಿದ್ದೆವು. ಅಲೆ ಅಂಥ ದೊಡ್ಡದೇನೂ ಇರಲಿಲ್ಲ. ದೋಣಿ ಅಲೆ ಹತ್ತಿ ಇಳಿದಾಗೆಲ್ಲ ಹಿಂದಿನ ಎಂಜಿನ್ ತಲೆ ಆಡಿಸುತ್ತಿತ್ತು. ದೋಣಿಯ ಜೊತೆ ಆಡುವುದು ಬೇರೆ. ಇದು ತಾನೊಂದೇ ಆಡುತ್ತಿತ್ತು. ಭಾವ ಬಗ್ಗಿ ನೋಡಿದರು. ಎಂಜಿನ್ ಕೂರಿಸಿದ ಹಿಂಬದಿಯ ಹಲಗೆ, ದೋಣಿ ಕಟ್ಟುವವರು ಟ್ರಾನ್ಸಮ್ ಅನ್ನುತ್ತಾರಲ್ಲ, ಅದರ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಚಹಾದ ಬಣ್ಣದ ನೀರು ಜಿನುಗುತ್ತಿತ್ತು. ಗೆಳೆಯ ಎಂಜಿನ್‌ಗೆ ಹಗ್ಗ ಸುತ್ತಿ ಎದೆಗೆ ಎಳೆದು ಹಿಡಿದು ಕೂತ. ಭಾವ ತೀರಾ ನಿಧಾನಕ್ಕೆ ದೋಣಿ ತಿರುಗಿಸಿದರು. ದಡ ಸೇರಲು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆ ಯಾರೂ ಮಾತಾಡಲಿಲ್ಲ. ಎಂಜಿನ್ ಕಳಚಿ ಬಿದ್ದಿದ್ದರೆ ಆ ಹಲಗೆಯೂ ಕಿತ್ತು ಹೋಗುತ್ತಿತ್ತು, ಅಷ್ಟು ಅಗಲದ ಬಾಯಿಂದ ನೀರು ಒಳಗೆ ನುಗ್ಗುತ್ತಿತ್ತು. ಗೆಳೆಯನಿಗೆ ಈಜು ಬರುವುದಿಲ್ಲ.

ದೋಣಿಯನ್ನು ಮರಳಿಗೆ ಎಳೆದು ಕಾರವಾರದಿಂದ ಒಬ್ಬ ಫೈಬರ್ ಕೆಲಸದವನನ್ನು ಕರೆಸಿದೆವು. ಅವನು ಒಂದು ಸ್ಕ್ರೂಡ್ರೈವರ್ ತಿರುಗಿಸಿ ಹಿಡಿದು, ಹಿಡಿಕೆಯಿಂದ ದೋಣಿಯ ಮೈಯನ್ನು ಮುಂದಿನಿಂದ ಹಿಂದಿನವರೆಗೆ ತಟ್ಟುತ್ತಾ ಬಂದ. ಟಣ್, ಟಣ್, ಟಣ್. ಹಿಂದೆ ಬಂದಂತೆ ಸದ್ದು ಬದಲಾಯಿತು. ಡಬ್, ಡಬ್. ಒದ್ದೆ ಗೋಣಿಚೀಲ ತಟ್ಟಿದ ಹಾಗೆ. ಅವನು ಚಾಕ್‌ಪೀಸ್‌ನಿಂದ ಗೆರೆ ಎಳೆದ. ಗೆರೆಯ ಒಳಗೆ ಗ್ರೈಂಡರ್ ಇಟ್ಟು ಚೌಕವಾಗಿ ಕೊಯ್ದ. ಮೇಲಿನ ಫೈಬರ್ ಪದರ ಎದ್ದು ಬಂತು. ಒಳಗಿನ ಪ್ಲೈವುಡ್ ನೆನೆಹಾಕಿದ ಅವಲಕ್ಕಿಯ ಹಾಗೆ ಕೈಗೆ ಬಂತು. ಹಿಂಡಿದರೆ ನೀರು. ಯಾವುದೋ ಕಾಲದಲ್ಲಿ ಹಳೇ ಎಂಜಿನ್‌ಗೆ ಕೊರೆದ ನಾಲ್ಕು ತೂತುಗಳಿದ್ದವು. ಅವನ್ನು ಪುಟ್ಟಿಯಿಂದ ತುಂಬಿ ಮೇಲೆ ಬಣ್ಣ ಬಳಿದಿದ್ದರು. ಆ ತೂತುಗಳಿಂದ ವರ್ಷಗಟ್ಟಲೆ ನೀರು ಕುಡಿದ ಹಲಗೆ ಅದು.

ದುರಸ್ತಿಗೆ 62 ಸಾವಿರ ಆಯಿತು. ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಮರ ಕೊಳೆತರೆ ಹೊಸ ಮರ ಹಾಕಬಹುದು. ನಮ್ಮ ದೋಣಿಯನ್ನು ದಡಕ್ಕೆ ಹಾಕಿದ್ದು ಕಾಗದ.

ಕೊಳ್ಳುವ ದಿನ ನಮಗೆ ನೋಂದಣಿ ಪತ್ರದ ಒಂದು ಜೆರಾಕ್ಸ್ ತೋರಿಸಿದ್ದರು. ಲ್ಯಾಮಿನೇಶನ್ ಮಾಡಿಸಿ ಚೆನ್ನಾಗಿ ಇಟ್ಟಿದ್ದರು. ಅದರಲ್ಲಿ ಬೇರೆಯವರ ಹೆಸರಿತ್ತು. ಕೇಳಿದ್ದಕ್ಕೆ "ನಮ್ಮ ಚಿಕ್ಕಪ್ಪ, ಯಾವಾಗ ಬೇಕಾದರೂ ಸಹಿ ಹಾಕಿಸಿ ಕೊಡುತ್ತೇನೆ" ಅಂದ. ಸ್ಟಾಂಪ್ ಪೇಪರ್ ಮೇಲೆ ಇಂಗ್ಲಿಷ್‌ನಲ್ಲಿ ಒಂದೂವರೆ ಪುಟದ ಒಪ್ಪಂದ ಟೈಪ್ ಮಾಡಿಸಿ ನೋಟರಿಯ ಮುಂದೆ ಸಹಿ ಹಾಕಿದೆವು. ನನಗೆ ಅಂಗಡಿ ಬಿಲ್ ಓದುವಷ್ಟು ಇಂಗ್ಲಿಷ್ ಬರುತ್ತದೆ. ಉಳಿದಿಬ್ಬರಿಗೆ ಅದೂ ಇಲ್ಲ. ಕೆಂಪು ಸೀಲು ಬಿತ್ತಲ್ಲ, ಕೆಲಸ ಆಯಿತು ಅಂದುಕೊಂಡೆವು. ನಮ್ಮ ಜನರಲ್ಲಿ ಈ ನಂಬಿಕೆ ತುಂಬಾ ಗಟ್ಟಿ. ಇಂಥವರು ಇಂಥ ದಿನ ನನ್ನ ಮುಂದೆ ಸಹಿ ಹಾಕಿದರು, ಇಷ್ಟನ್ನೇ ನೋಟರಿ ಹೇಳುವುದು. ದೋಣಿ ಸಹಿ ಹಾಕಿದವನದ್ದು ಹೌದೋ ಅಲ್ಲವೋ ಅಂತ ನೋಟರಿ ಹೇಳುವುದಿಲ್ಲ. ನೋಂದಣಿ ಪುಸ್ತಕದಲ್ಲಿ ಹೆಸರು ಬದಲಾಗುವುದು ನಿಮ್ಮ ಕಚೇರಿಯಲ್ಲಿ ಮಾತ್ರ.

ಹೆಸರು ಬದಲಾಯಿಸಲು ಆ ಚಿಕ್ಕಪ್ಪನನ್ನು ಹುಡುಕಿಕೊಂಡು ಹೋದೆವು. ಅವರು ಚಿಕ್ಕಪ್ಪನೇ ಅಲ್ಲ. ನಮಗೆ ಮಾರಿದವನಿಗೂ ಅವರಿಗೂ ಪರಿಚಯವೇ ಇಲ್ಲ. ಅವರು ಆರು ವರ್ಷದ ಹಿಂದೆ ಇನ್ಯಾರಿಗೋ ದೋಣಿ ಕೊಟ್ಟಿದ್ದರು. ಆ ಇನ್ಯಾರೋ ನಮ್ಮವನಿಗೆ ಕೊಟ್ಟಿದ್ದ. ಮೂರು ಕೈ ದಾಟಿದರೂ ಪುಸ್ತಕದಲ್ಲಿ ಮಾತ್ರ ಮೊದಲಿನ ಹೆಸರೇ. ಅವರು ದೋಣಿಯ ಮೇಲೆ ಒಂದು ಸಹಕಾರಿ ಸಂಘದಲ್ಲಿ ಸಾಲ ತೆಗೆದಿದ್ದರು. ಅದು ತೀರಿಲ್ಲ. ಸಾಲ ತೀರುವವರೆಗೆ ಸಂಘ ಒಪ್ಪುವುದಿಲ್ಲ. ಸಂಘ ಒಪ್ಪದೆ ಹೆಸರು ಬದಲಾಗುವುದಿಲ್ಲ. ಆ ಮುದುಕರು ನಮ್ಮನ್ನು ಬೈಯಲಿಲ್ಲ. "ನನ್ನ ಹೆಸರು ತೆಗೆಸಿ ಅಂತ ನಾನೇ ಎಷ್ಟೋ ಸಲ ಹೇಳಿ ಕಳಿಸಿದ್ದೆ. ಆ ದೋಣಿಯಲ್ಲಿ ಯಾರಾದರೂ ಏನಾದರೂ ಮಾಡಿದರೆ ಪೊಲೀಸರು ನನ್ನ ಮನೆಗೆ ಬರುತ್ತಾರೆ" ಅಂದರು. ಅವರು ಕೊಂಕಣಿಯಲ್ಲಿ ಹೇಳಿದ್ದನ್ನು ಭಾವ ನಮಗೆ ಕನ್ನಡದಲ್ಲಿ ಹೇಳುವಾಗ ಅವರ ದನಿಯೂ ಸಣ್ಣದಾಯಿತು.

ಮುದುಕರ ಭಯ ಸುಮ್ನೆ ಬಂದದ್ದಲ್ಲ. 2008ರ ನವೆಂಬರ್ 26ರಂದು ಮುಂಬೈಗೆ ನುಗ್ಗಿದವರು ಸಮುದ್ರದಲ್ಲಿ 'ಕುಬೇರ್' ಅನ್ನುವ ಮೀನುಗಾರಿಕೆ ಟ್ರಾಲರ್ ಅನ್ನು ವಶಪಡಿಸಿಕೊಂಡು ಬಂದಿದ್ದರು. ಅದಾದ ಮೇಲೆ ಕರಾವಳಿಯುದ್ದಕ್ಕೂ ದೋಣಿಗಳ ನೋಂದಣಿ ಬಿಗಿಯಾಯಿತು, ಮೀನುಗಾರರಿಗೆ ಬಯೋಮೆಟ್ರಿಕ್ ಕಾರ್ಡ್ ಬಂತು. ಇವತ್ತು ಕರಾವಳಿ ಪೊಲೀಸರು ಅಥವಾ ಕೋಸ್ಟ್ ಗಾರ್ಡ್ ತಡೆದಾಗ, ದೋಣಿಯಲ್ಲಿರುವವನ ಹೆಸರು ಒಂದು, ಕಾಗದದ ಹೆಸರು ಇನ್ನೊಂದು ಅಂದರೆ ಅವರು ಅನುಮಾನ ಪಡುವುದು ನ್ಯಾಯವೇ. ಮಾರಿದವನಿಗೂ ಕೊಂಡವನಿಗೂ ಹೆಸರು ಬದಲಾಗುವುದು ಅಷ್ಟೇ ಮುಖ್ಯ. ಮಾರುವವರಿಗೆ ಇದು ಅರ್ಥವಾದರೆ ಅರ್ಧ ತೊಂದರೆ ತಪ್ಪುತ್ತದೆ.

ವಕೀಲರನ್ನು ಕಂಡೆವು. ಅವರು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಕೂತಿದೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ತನ್ನದಲ್ಲದ ವಸ್ತುವನ್ನು ಒಡೆಯನ ಒಪ್ಪಿಗೆಯಿಲ್ಲದೆ ಮಾರಿದವನಿಂದ ಕೊಂಡರೆ, ಸಾಮಾನ್ಯವಾಗಿ ಕೊಂಡವನಿಗೂ ಅದು ತನ್ನದಾಗುವುದಿಲ್ಲ. ಪೂರ್ತಿ ದುಡ್ಡು ಕೊಟ್ಟಿದ್ದರೂ ಅಷ್ಟೇ. ಗುಣಮಟ್ಟದ ವಿಷಯದಲ್ಲೂ ಅದೇ ಕಾಯ್ದೆ ನೋಡಿ ಕೊಳ್ಳುವ ಭಾರವನ್ನು ಕೊಳ್ಳುವವನ ತಲೆಗೇ ಹಾಕುತ್ತದೆ. ಅಂಥ ಸರಕನ್ನು ಮಾರುವುದೇ ಕಸುಬಾಗಿರುವ ವ್ಯಾಪಾರಿಯಿಂದ ಕೊಂಡರೆ ಸ್ವಲ್ಪ ರಕ್ಷಣೆ ಇದೆ. ಮನೆಯ ಹಿಂದೆ ಕಟ್ಟಿದ ದೋಣಿಯನ್ನು ಮಾರುವ ಒಬ್ಬ ವ್ಯಕ್ತಿಯಿಂದ ಕೊಂಡರೆ ಅದು ಇಲ್ಲ ಅಂದರೂ ಆಯಿತು. ಗ್ರಾಹಕ ನ್ಯಾಯಾಲಯವೂ ವ್ಯಾಪಾರಿಗಳ ಮೇಲಿನ ದೂರಿಗೇ ಇರುವುದು. ಗೊತ್ತಿದ್ದೂ ಸುಳ್ಳು ಹೇಳಿದ್ದರೆ ಮೋಸದ ಕೇಸು ಹಾಕಬಹುದು. ಆದರೆ ಅವನಿಗೆ ಗೊತ್ತಿತ್ತು ಅಂತ ನಾವೇ ತೋರಿಸಬೇಕು. ಅಷ್ಟರಲ್ಲಿ ಅವನು ಗಲ್ಫ್‌ಗೆ ಹೋಗಿದ್ದ. ಅದೊಂದು ಮಾತು ನಿಜವಾಗಿತ್ತು.

ಸಮುದ್ರಕ್ಕೆ ಹೋಗುವ ದೋಣಿ ಕೊಳ್ಳುವವರಿಗೆ ಇನ್ನೊಂದು ಹೇಳಬೇಕು. ಹಡಗು ದೋಣಿಗಳ ವ್ಯಾಜ್ಯಕ್ಕೆ ಇರುವ 2017ರ ಅಡ್ಮಿರಾಲ್ಟಿ ಕಾಯ್ದೆಯಲ್ಲಿ ಕೆಲವು ಬಾಕಿಗಳು ಒಡೆಯನಿಗೆ ಅಂಟದೆ ದೋಣಿಗೇ ಅಂಟಿಕೊಳ್ಳುತ್ತವೆ. ಖಲಾಸಿಗಳ ಸಂಬಳ ಬಾಕಿ ಅದರಲ್ಲಿ ಮೊದಲನೆಯದು. ಬಂದರಿನ ಶುಲ್ಕವೂ ಇದೆ. ದೋಣಿ ಯಾರ ಕೈಗೆ ಹೋದರೂ ಆ ಹಕ್ಕು ಹಿಂದೆಯೇ ಬರುತ್ತದೆ. ಸಂಬಳದ್ದಾದರೆ ಎರಡು ವರ್ಷದವರೆಗೆ ಉಳಿಯುತ್ತದೆ. ಒಳನಾಡು ನೀರಿನ ದೋಣಿಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಖಲಾಸಿಗಳ ದೃಷ್ಟಿಯಿಂದ ಇದು ಒಳ್ಳೆಯ ಕಾನೂನು, ನಮ್ಮ ಭಾವನಂಥವರನ್ನು ಕಾಪಾಡುವುದು ಇದೇ. ಆದರೆ ಟ್ರಾಲರ್ ಕೊಳ್ಳುವವನು ಹಳೇ ಒಡೆಯನನ್ನು ಮಾತ್ರ ಕೇಳಿದರೆ ಸಾಲದು. ಅದರ ತಾಂಡೇಲನನ್ನು, ಅಂದರೆ ದೋಣಿ ನಡೆಸುವ ಮುಖ್ಯಸ್ಥನನ್ನು, ಖಲಾಸಿಗಳನ್ನು ಕೇಳಬೇಕು. ಕಳೆದ ಸೀಸನ್‌ನ ಪಗಾರ ಸಿಕ್ಕಿತಾ ಅಂತ ಕೇಳಿದರೆ ಅವರು ನಿಜ ಹೇಳುತ್ತಾರೆ. ದೋಣಿಗೆ ಯಾವ ಮೂಲೆಯಲ್ಲಿ ನೀರು ಬರುತ್ತದೆ ಅಂತಲೂ ಹೇಳುತ್ತಾರೆ.

ವಿಮೆಯೂ ದೋಣಿಯ ಜೊತೆ ತಾನಾಗಿ ಬರುವುದಿಲ್ಲ. ಹಳೇ ಒಡೆಯನ ಹೆಸರಿನ ಪಾಲಿಸಿ ತೋರಿಸಿ "ಇನ್ನೂ ಎಂಟು ತಿಂಗಳು ಇದೆ" ಅಂದರೆ ಅದು ನಿಮಗಲ್ಲ. ಕಂಪನಿ ಒಪ್ಪಿ ನಿಮ್ಮ ಹೆಸರಿಗೆ ಬರೆದುಕೊಟ್ಟರೆ ಮಾತ್ರ ನಿಮ್ಮದು.

ಇನ್ನು ಎಂಜಿನ್ ನಂಬರ್. ಔಟ್‌ಬೋರ್ಡ್ ಎಂಜಿನ್ ಅನ್ನು ದೋಣಿಗೆ ಬಿಗಿಯುವ ಲೋಹದ ಹಿಡಿಕೆಯ ಮೇಲೆ ಒಂದು ಸಣ್ಣ ಪಟ್ಟಿ ಇರುತ್ತದೆ. ಅದರಲ್ಲಿ ಮಾಡೆಲ್, ಸೀರಿಯಲ್ ನಂಬರ್ ಇರುತ್ತದೆ. ನಮ್ಮದರ ಪಟ್ಟಿ ಇತ್ತು. ಆದರೆ ಎಂಜಿನ್ ಎಲ್ಲಾ ಉಪ್ಪು ಹಿಡಿದಿದ್ದರೂ ಪಟ್ಟಿಯ ರಿವೆಟ್ ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು. ಕೊಳ್ಳುವಾಗ ಅದನ್ನು ಗಮನಿಸಲೇ ಇಲ್ಲ. ಎಷ್ಟೋ ಎಂಜಿನ್‌ಗಳಲ್ಲಿ ಅದೇ ನಂಬರನ್ನು ಬ್ಲಾಕ್ ಮೇಲಿನ ಒಂದು ಸಣ್ಣ ಬಿಲ್ಲೆಯ ಮೇಲೂ ಒತ್ತಿರುತ್ತಾರೆ. ಎರಡನ್ನೂ ಕಾಗದದ ಜೊತೆ ಹೋಲಿಸಬೇಕು. ನಮ್ಮದು ಹೋಲಲಿಲ್ಲ. ಆ ಎಂಜಿನ್ ಎಲ್ಲಿಂದ ಬಂತು ಅಂತ ಇವತ್ತಿಗೂ ತಿಳಿದಿಲ್ಲ. ಅದನ್ನು ಇಟ್ಟುಕೊಳ್ಳಲು ಭಯ, ಮಾರಲು ಮನಸ್ಸಿಲ್ಲ.

ಗದಗದ ಗೆಳೆಯ ಒಮ್ಮೆ ಬೇಸರದಲ್ಲಿ ಒಂದು ಮಾತು ಹೇಳಿದ. ಅವನ ಅಪ್ಪ ಹಾವೇರಿ ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರಂತೆ. ಸುಳಿ ನೋಡುತ್ತಿದ್ದರು. ಗೊರಸು ಎತ್ತಿ ನೋಡುತ್ತಿದ್ದರು. ನಡೆಸಿ, ಕೊನೆಗೆ ಗಾಡಿಗೆ ಹೂಡಿ ನೋಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡುತ್ತಿದ್ದರು. "ನಾನು ಅವರ ಮಗ, ದೋಣಿಯ ಬಾಲ ಎಲ್ಲಿದೆ ಅಂತಲೂ ನೋಡಲಿಲ್ಲ" ಅಂದ. ಅವನ ತಪ್ಪಲ್ಲ. ಎತ್ತು ಅವನಿಗೆ ಗೊತ್ತು, ದೋಣಿ ಗೊತ್ತಿರಲಿಲ್ಲ. ಗೊತ್ತಿದ್ದ ಭಾವನೂ ನೋಡಲಿಲ್ಲ. 14 ವರ್ಷ ಬೇರೆಯವರ ದೋಣಿಯಲ್ಲಿ ನಿಂತವನಿಗೆ ಸ್ವಂತದ್ದು ಎದುರಿಗೆ ಬಂದಾಗ ಕಣ್ಣು ತುಂಬಿ ಬರುತ್ತದೆ, ಬಿರುಕು ಕಾಣುವುದಿಲ್ಲ.

ಅದಕ್ಕೇ ಕೊಳ್ಳಲು ಹೊರಟವರಿಗೆ ಹೇಳುತ್ತೇನೆ. ದೋಣಿಯನ್ನು ನೀರಿನಲ್ಲಿ ನೋಡಿ ಒಪ್ಪಬೇಡಿ. ದಡಕ್ಕೆ ಎಳೆಸಿ. ಎಳೆಸುವ ಖರ್ಚು ನೀವೇ ಕೊಡಿ, ಪರವಾಗಿಲ್ಲ. ಒಣಗಿದ ಮೇಲೆ ಮೈಯೆಲ್ಲ ತಟ್ಟಿ, ಸದ್ದು ಕೇಳಿ. ಬಣ್ಣದ ಕೆಳಗೆ ಗುಳ್ಳೆ ಎದ್ದಿದ್ದರೆ ಒಂದನ್ನು ಚುಚ್ಚಿ ನೋಡಲು ಕೇಳಿ. ಒಳಗಿಂದ ವಿನೆಗರ್ ತರಹ ವಾಸನೆಯ ನೀರು ಬಂದರೆ ಫೈಬರ್ ನೀರು ಕುಡಿದಿದೆ ಅಂತ ಅರ್ಥ. ಎಂಜಿನ್ ಅರ್ಧ ಎತ್ತಿ, ಅದರ ಕೆಳಗಿನ ಕಾಲನ್ನು ಹಿಡಿದು ಮೇಲೆ ಕೆಳಗೆ ಜಗ್ಗಿ. ಹಿಂಬದಿ ಹಲಗೆ ಕದಲಿದರೆ ಅಲ್ಲಿಂದ ಎದ್ದು ಬನ್ನಿ. ಮರದ ದೋಣಿಯಾದರೆ ದಬ್ಬಣ ತೆಗೆದುಕೊಂಡು ಹೋಗಿ. ಕಡಲ ಹುಳ ಹೊರಗೆ ಗುಂಡುಸೂಜಿ ತಲೆಯಷ್ಟೇ ತೂತು ಮಾಡಿ ಒಳಗೆಲ್ಲ ತಿಂದಿರುತ್ತದೆ.

ಎಂಜಿನ್ ಮೇಲೆ ಮೊದಲು ಕೈ ಇಡಿ. ಬಿಸಿ ಇದ್ದರೆ ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ ಅನ್ನಿ. ಸ್ಟಾರ್ಟ್ ಆದ ಮೇಲೆ ಪಕ್ಕದಿಂದ ತಂಪು ಮಾಡುವ ನೀರು ಒಂದೇ ಸಮ ಚಿಮ್ಮುತ್ತಿರಬೇಕು. ಕೆಳಗಿನ ಗೇರ್ ಆಯಿಲ್‌ನ ಸ್ಕ್ರೂ ಸ್ವಲ್ಪ ಸಡಿಲಿಸಿ ಒಂದು ಹನಿ ಬೆರಳಿಗೆ ತೆಗೆದುಕೊಳ್ಳಿ. ಹಾಲು ಬೆರೆಸಿದ ಚಹಾದ ಹಾಗಿದ್ದರೆ ಒಳಗೆ ನೀರು ಹೋಗಿದೆ. ಎಂಜಿನ್ ಕಾಲಿಗೆ ಹಾಕಿದ ಜಿಂಕ್ ತುಂಡು ಸವೆದಿದ್ದರೆ ಒಳ್ಳೆಯದೇ, ಅದು ತಾನು ಕರಗಿ ಎಂಜಿನ್ ಉಳಿಸಿದೆ. ಜಿಂಕ್ ಇಲ್ಲವೇ ಇಲ್ಲ, ಅಥವಾ ಅದರ ಮೇಲೂ ಬಣ್ಣ ಬಳಿದಿದ್ದಾರೆ ಅಂದರೆ ಉಪ್ಪು ಎಂಜಿನ್ನನ್ನೇ ತಿಂದಿರುತ್ತದೆ. ಮೆಕ್ಯಾನಿಕ್‌ನ ಕಂಪ್ರೆಶನ್ ಗೇಜ್ ಹಾಕಿಸಿ, ಎಲ್ಲಾ ಸಿಲಿಂಡರ್‌ನಲ್ಲೂ ಹೆಚ್ಚು ಕಡಿಮೆ ಒಂದೇ ಒತ್ತಡ ಬರಬೇಕು. ವೈರು, ಬ್ಯಾಟರಿ, ದೀಪ ಹಾಳಾಗಿದ್ದರೆ ಚಿಂತೆ ಬೇಡ, ಅದು ಸಣ್ಣ ಖರ್ಚು.

ಮೀನು ದೋಣಿಯನ್ನು ಕೊಂಡು ಪ್ರವಾಸಿಗರನ್ನು ಕೂರಿಸುವ ಯೋಚನೆ ಇರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮಗೂ ಅದೇ ಯೋಚನೆ ಇತ್ತು, ಅದಕ್ಕೇ ಹೇಳುತ್ತಿದ್ದೇನೆ. ಮೀನು ಹಿಡಿಯಲು ನೋಂದಣಿಯಾದ ದೋಣಿ ಪ್ರಯಾಣಿಕರ ದೋಣಿಯಲ್ಲ. ಅದಕ್ಕೆ ಬೇರೆ ನೋಂದಣಿ, ಬೇರೆ ಸರ್ವೆ (ದೋಣಿಯ ತಪಾಸಣೆ), ಎಷ್ಟು ಜನ ಕೂರಬಹುದು ಅನ್ನುವ ಬೇರೆ ಲೆಕ್ಕ ಇದೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು. ಅದು ಮೀನು ದೋಣಿಯನ್ನು ಬದಲಾಯಿಸಿ ಮಾಡಿದ್ದು ಅಂತ ಆಗ ಪತ್ರಿಕೆಗಳಲ್ಲಿ ಬಂತು. ನಮ್ಮ ಕಾರವಾರದಲ್ಲಿ 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ವಾಪಸ್ ಬರುವಾಗ ದೋಣಿ ಮಗುಚಿ 16 ಜನ ಹೋದರು. ಹೆಚ್ಚು ಜನ ಹತ್ತಿದ್ದರು. ಮೀನಿನ ಬುಟ್ಟಿ ಅಲ್ಲಾಡದೆ ಕೂರುತ್ತದೆ. ಮನುಷ್ಯರು ಡಾಲ್ಫಿನ್ ಕಂಡಾಗ ಎಲ್ಲರೂ ಒಂದೇ ಕಡೆಗೆ ಏಳುತ್ತಾರೆ.

ಈಗ ಅಧಿಕಾರಿಗಳ ಹತ್ತಿರ ನನ್ನ ಬೇಡಿಕೆ.

ನನ್ನ ಅಂಗಡಿಯ ಹುಡುಗ ಹೋದ ವರ್ಷ ಹಳೇ ಬೈಕ್ ಕೊಂಡ. ಎಂ-ಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದ. ನೋಂದಣಿ ಯಾವಾಗ ಆಯಿತು, ವಿಮೆ ಇದೆಯಾ, ಫಿಟ್‌ನೆಸ್ ಎಲ್ಲಿಯವರೆಗೆ ಅಂತೆಲ್ಲ ಅಂಗಡಿಯ ಕಟ್ಟೆ ಮೇಲೆ ಕೂತೇ ನೋಡಿದ. 35 ಸಾವಿರದ ಬೈಕ್‌ಗೆ ಇಷ್ಟು ಅನುಕೂಲ ಇದೆ. 3 ಲಕ್ಷದ ದೋಣಿ ಕೊಂಡ ನಾವು ಒಂದು ಜೆರಾಕ್ಸ್ ನಂಬಿದೆವು.

ಮಾಹಿತಿ ಇಲ್ಲ ಅಂತಲ್ಲ. ಮೀನು ದೋಣಿಗಳ ನೋಂದಣಿ ರಿಯಲ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಇದೆ. ಒಳನಾಡಿನ ನೀರಿನಲ್ಲಿ ಓಡುವ ದೋಣಿಗಳಿಗೆ 1917ರ ಹಳೇ ಕಾಯ್ದೆ ಹೋಗಿ 2021ರ ಒಳನಾಡು ಹಡಗುಗಳ ಕಾಯ್ದೆ ಬಂದಿದೆ. ಆ ಕಾಯ್ದೆಯಲ್ಲೇ ದೋಣಿಗಳ ನೋಂದಣಿ, ಸಿಬ್ಬಂದಿ, ಪ್ರಮಾಣಪತ್ರಗಳ ವಿವರವನ್ನು ದೇಶಕ್ಕೆಲ್ಲ ಒಂದೇ ಕಡೆ ಇಡಬೇಕು ಅಂತ ಬರೆದಿದೆ. ಅಂದರೆ ಪುಸ್ತಕ ಕಂಪ್ಯೂಟರ್‌ಗೆ ಬರುತ್ತಿದೆ. ನಾವು ಕೇಳುವುದು ಅದರಲ್ಲಿ ಕೊಳ್ಳುವವನಿಗೆ ಒಂದು ಸಣ್ಣ ಕಿಟಕಿ. ದೋಣಿಯ ನಂಬರ್ ಹಾಕಿದರೆ ನಾಲ್ಕು ವಿಷಯ ಕಾಣಲಿ: ಸದ್ಯದ ಒಡೆಯನ ಹೆಸರು, ಯಾವ ಕೆಲಸಕ್ಕೆ ನೋಂದಣಿ, ಸಾಲ ಅಥವಾ ತಡೆ ಇದೆಯೇ, ಎಂಜಿನ್ ನಂಬರ್‌ನ ಕೊನೆಯ ನಾಲ್ಕು ಅಂಕಿ. ಒಡೆಯನ ಫೋನ್, ವಿಳಾಸ ನಮಗೆ ಬೇಡ. ಹೆಸರನ್ನೂ ಪೂರ್ತಿ ತೋರಿಸುವುದು ಬೇಡ ಅನಿಸಿದರೆ ಮೊದಲ ಮೂರು ಅಕ್ಷರ ಸಾಕು, ಎದುರಿಗಿದ್ದವನು ಅವನೇ ಹೌದೋ ಅಲ್ಲವೋ ಅಂತ ತಿಳಿಯುತ್ತದೆ.

ಆನ್‌ಲೈನ್ ಕೆಲಸ ತಡವಾಗುವುದಾದರೆ ಕಚೇರಿಯಲ್ಲಿ ಒಂದು ಕೌಂಟರ್ ಸಾಕು. ಇಷ್ಟು ರೂಪಾಯಿ ಶುಲ್ಕ ಅಂತ ಇಡಿ, ಕೊಡುತ್ತೇವೆ. ಮೂರು ದಿನದೊಳಗೆ ಒಂದು ಚೀಟಿ ಕೊಡಿ. ಮಾರುವವನು ಆ ಚೀಟಿ ತೋರಿಸದೆ ದುಡ್ಡು ಕೇಳಬಾರದು ಅನ್ನುವ ರೂಢಿ ಜೆಟ್ಟಿಯಲ್ಲಿ ತಾನಾಗಿ ಬೆಳೆಯುತ್ತದೆ.

ಇನ್ನೊಂದು ಇದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ 61 ದಿನ ಮಾಲಿಂ, ಕುಟಬಣ, ಶಾಪೋರಾ, ವಾಸ್ಕೋ ಎಲ್ಲಾ ಕಡೆ ದೋಣಿಗಳು ದುರಸ್ತಿಗೆ ನಿಲ್ಲುತ್ತವೆ. ಎಷ್ಟೋ ಸಣ್ಣ ದೋಣಿ ದಡದ ಮೇಲೆ ಪ್ಲಾಸ್ಟಿಕ್ ಹೊದ್ದು ಕೂತಿರುತ್ತವೆ. ಹೊಟ್ಟೆ, ಬೆನ್ನು ಎಲ್ಲಾ ಕಾಣುವ ಕಾಲ ಅದೊಂದೇ. ಆ ಎರಡು ತಿಂಗಳಲ್ಲಿ ಒಂದೊಂದು ಜೆಟ್ಟಿಗೆ ಒಂದು ದಿನ ಒಬ್ಬ ಸರ್ವೇಯರ್ ಬಂದರೆ ಸಾಕು. ಮಾರಬೇಕು ಅನ್ನುವವರು ದೋಣಿ ತೋರಿಸಲಿ. ಅವರು ತಟ್ಟಿ, ಜಗ್ಗಿ ನೋಡಿ ಒಂದು ಪುಟ ಬರೆದುಕೊಡಲಿ. ಆಗಸ್ಟ್‌ನಲ್ಲಿ ಎಲ್ಲದಕ್ಕೂ ಹೊಸ ಬಣ್ಣ ಬಿದ್ದಿರುತ್ತದೆ, ನಾರಳಿ ಪೂರ್ಣಿಮೆಗೆ ತೆಂಗಿನಕಾಯಿ ಬಿಟ್ಟು ಎಲ್ಲರೂ ಕಡಲಿಗೆ ಹೊರಡುವ ಅವಸರದಲ್ಲಿರುತ್ತಾರೆ. ಆಗ ಯಾರ ಕೈಗೂ ಸಿಗುವುದಿಲ್ಲ.

ವರ್ಗಾವಣೆಯ ಒಂದು ಸರಳ ಫಾರ್ಮ್ ಕೊಂಕಣಿ, ಮರಾಠಿ, ಹಿಂದಿ, ಇಂಗ್ಲಿಷ್ ಜೊತೆ ಕನ್ನಡದಲ್ಲೂ ಇರಲಿ. ಗೋವಾದ ರಾಜಭಾಷೆ ಕೊಂಕಣಿ, ಅದಕ್ಕೆ ನಮ್ಮ ತಕರಾರಿಲ್ಲ. ಈ ನೆಲದ ಅನ್ನ ತಿಂದು ಅದರ ಭಾಷೆ ಕಲಿತಿದ್ದೇವೆ. ಆದರೆ ಬೈನಾದಲ್ಲಿ, ಝುವಾರಿನಗರದಲ್ಲಿ ಇರುವ ಎಷ್ಟೋ ಜನ ಓದುವುದು ಕನ್ನಡ ಮಾತ್ರ. ಸಹಿ ಹಾಕುವ ಕಾಗದದಲ್ಲಿ "ಈ ದೋಣಿ ನನ್ನ ಹೆಸರಿನಲ್ಲಿದೆ, ಸಾಲ ಇಲ್ಲ" ಅನ್ನುವ ಒಂದು ಸಾಲು ಅವರಿಗೆ ಓದಲು ಬಂದಿದ್ದರೆ, ಆ ಸಾಲು ಇಲ್ಲದ ಕಾಗದಕ್ಕೆ ಅವರು ಸಹಿ ಹಾಕುತ್ತಿರಲಿಲ್ಲ.

ನಮ್ಮ ದೋಣಿ ಎರಡು ಮಳೆಗಾಲ ನೀಲಿ ತಾಡಪತ್ರೆ ಹೊದ್ದು ಮರಳಿನ ಮೇಲೆ ಕಳೆದಿದೆ. ಭಾವ ಮತ್ತೆ ಟ್ರಾಲರ್ ಹತ್ತಿದ್ದಾರೆ. ಗೆಳೆಯ ಒಂದು ಅಪಾರ್ಟ್‌ಮೆಂಟ್‌ನಲ್ಲಿ ವಾಚ್‌ಮನ್. ಅಕ್ಕನ ಬಳೆ ಇನ್ನೂ ಬಿಡಿಸಿಕೊಂಡಿಲ್ಲ. ಮುದುಕರ ಸಾಲದ ಬಾಕಿಯನ್ನು ನಾವೇ ಕಂತಿನಲ್ಲಿ ಕಟ್ಟುತ್ತಿದ್ದೇವೆ. ಅದು ಮುಗಿದರೆ ಸಹಿ ಹಾಕಿಕೊಡುತ್ತೇನೆ ಅಂತ ಅವರು ದೇವರ ಮುಂದೆ ಹೇಳಿದ್ದಾರೆ.

ಈ ಪತ್ರವನ್ನು ಈಗಲೇ ಬರೆಯಲು ಕಾರಣವಿದೆ. ಬಾಗಲಕೋಟೆ ಕಡೆಯ ಇಬ್ಬರು ಅಣ್ಣತಮ್ಮಂದಿರು ಹೋದ ವಾರ ಅಂಗಡಿಗೆ ಬಂದಿದ್ದರು. 22 ಅಡಿಯ ಒಂದು ದೋಣಿ ನೋಡಿದ್ದಾರೆ, ಅಡ್ವಾನ್ಸ್ ಕೊಡುವುದರಲ್ಲಿದ್ದರು. ನಾನು ತಡೆದೆ. ಭಾನುವಾರ ಅವರ ಜೊತೆ ನಾನು, ಭಾವ ಇಬ್ಬರೂ ಹೋಗುತ್ತಿದ್ದೇವೆ. ದೋಣಿ ದಡಕ್ಕೆ ಎಳೆದಿಡಲು, ಎಂಜಿನ್ ಮುಟ್ಟದೇ ಇರಲು ಹೇಳಿದ್ದೇವೆ. ತಟ್ಟಿ ನೋಡುವ ಕೆಲಸ ನಮ್ಮಿಂದ ಆಗುತ್ತದೆ. ದೋಣಿಯ ಮೂತಿಯ ಮೇಲೆ ಬರೆದ ನಂಬರ್‌ನ ಫೋಟೋ ನನ್ನ ಫೋನಿನಲ್ಲಿದೆ. ಸೋಮವಾರ ಬೆಳಿಗ್ಗೆ ಅದನ್ನು ಹಿಡಿದುಕೊಂಡು ನಿಮ್ಮ ಕಚೇರಿಗೆ ಬರುತ್ತೇವೆ. ಆ ನಂಬರ್ ಯಾರ ಹೆಸರಿನಲ್ಲಿದೆ, ಅದರ ಮೇಲೆ ಸಾಲ ಇದೆಯಾ, ಇವೆರಡನ್ನು ದಯವಿಟ್ಟು ನೋಡಿ ಹೇಳಿ.

ಇಂತಿ ನಿಮ್ಮವನು,
ವಾಸ್ಕೋದ ಒಬ್ಬ ಕನ್ನಡಿಗ ಅಂಗಡಿಯವನು